ಮಾತು ಬಾರದ ಕೂಸಿನ ಜೊತೆ ಆಯಿಯ ಹರಟೆ

ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಎರಡು ಸದ್ದು ಕೇಳುತ್ತವೆ. ಒಂದು ಖಣ ನೇಯುವ ಮಗ್ಗದ್ದು. ಇನ್ನೊಂದು ಪಕ್ಕದ ಮನೆಯ ಬಚ್ಚಲಿನದು. ಅಲ್ಲಿ ಆಯಿ ಕಾಲು ಚಾಚಿ ಕೂತು, ನಾಲ್ಕು ತಿಂಗಳ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿರುತ್ತಾರೆ. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಕೈ ಎಣ್ಣೆ ತಿಕ್ಕುತ್ತಿರುತ್ತದೆ, ಬಾಯಿಗೂ ಬಿಡುವಿಲ್ಲ.

"ಏನಂತೀಯೋ ನನ ರಾಜಾ? ನೀರು ಬಿಸಿ ಆಗ್ಯಾವೇನು?"

ಆಯಿ ಸುಮ್ಮನಾಗುತ್ತಾರೆ. ಕೂಸು ಅವರ ಮುಖವನ್ನೇ ನೋಡಿ, ಬಾಯಿ ಅಗಲಿಸಿ "ಆಂ... ಊಂ" ಅನ್ನುತ್ತದೆ.

"ಹೌದಾ? ಆಗ್ಯಾವಾ? ನಿಮ್ಮವ್ವಗ ಬೈಯೂಣೇನು?"

ಮೊನ್ನೆ ನಾನು ನಕ್ಕು ಕೇಳಿದೆ: "ಆಯಿ, ಅದಕ್ಕ ಏನ್ ತಿಳೀತೈತಿ?" ಅವರು ನನ್ನ ಕಡೆ ತಿರುಗಲೂ ಇಲ್ಲ. "ನಿನಗ ತಿಳಿದದ್ದು ಹೆಂಗ ಮತ್ತ?" ಅಂದರು.

ಆ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಐವತ್ತು ವರ್ಷದಿಂದ ಕೂಸುಗಳ ಹಿಂದೆ ಬಿದ್ದಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಅರ್ಧ ಆಯಿಯ ಪರವಾಗಿದೆ. ಉಳಿದರ್ಧ ಇಂಥ ಆಯಿ ಇಲ್ಲದ ಮನೆಗಳಿಗೆ ಸಂಬಂಧಿಸಿದ್ದು. ಅದು ಸ್ವಲ್ಪ ಕಷ್ಟದ ಮಾತು.

ಹುಟ್ಟಿದಾಗ ಕೂಸಿನ ಮಿದುಳು ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗ ಇರುತ್ತದೆ. ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಐದು ವರ್ಷಕ್ಕೆ ದೊಡ್ಡವರ ಅಳತೆಯ ಶೇ. 90ರ ಹತ್ತಿರ ಬಂದಿರುತ್ತದೆ. ನರಕೋಶಗಳು ಬಹುಪಾಲು ಹುಟ್ಟುವಾಗಲೇ ಇರುತ್ತವೆ. ಬೆಳೆಯುವುದು ಅವುಗಳ ನಡುವಿನ ಕೊಂಡಿಗಳು. ಷಿಕಾಗೋದ ವೈದ್ಯ ಪೀಟರ್ ಹಟೆನ್‌ಲೋಕರ್ ಸೂಕ್ಷ್ಮದರ್ಶಕದ ಕೆಳಗೆ ಈ ಕೊಂಡಿಗಳನ್ನು ಒಂದೊಂದಾಗಿ ಎಣಿಸಿದರು. 1979ರಲ್ಲಿ ಅವರು ಬರೆದದ್ದು ಓದಿದರೆ ಈಗಲೂ ಸೋಜಿಗ. ಮಿದುಳಿನ ಮುಂಭಾಗದಲ್ಲಿ ಒಂದೆರಡು ವರ್ಷದ ಮಗುವಿನ ಕೊಂಡಿಗಳು ದೊಡ್ಡವರಿಗಿಂತ ಸುಮಾರು ಒಂದೂವರೆ ಪಟ್ಟು ದಟ್ಟವಾಗಿದ್ದವು. ಆಮೇಲೆ ಅವು ಕಮ್ಮಿಯಾಗುತ್ತವೆ.

ಕಮ್ಮಿಯಾದರೆ ನಷ್ಟ ಅಲ್ವಾ? ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಿ ನೋಡಿ. ಅವರು ಏಪ್ರಿಲ್ ಹೊತ್ತಿಗೊಮ್ಮೆ, ಅಕ್ಟೋಬರ್ ಹೊತ್ತಿಗೊಮ್ಮೆ ಬಳ್ಳಿಗೆ ಚಾಟ್ನಿ ಮಾಡುತ್ತಾರೆ, ಅಂದರೆ ಕಡ್ಡಿ ಕತ್ತರಿಸುತ್ತಾರೆ. ಬೇಡದ ಕಡ್ಡಿ ಹೋಗದಿದ್ದರೆ ಗೊನೆ ಬರುವುದಿಲ್ಲ. ಮಿದುಳಿನಲ್ಲೂ ಅಂಥದ್ದೇ ಚಾಟ್ನಿ ನಡೆಯುತ್ತದೆ. ಆದರೆ ಅಲ್ಲಿ ಕತ್ತರಿ ಹಿಡಿದ ಮಾಲೀಕ ಯಾರೂ ಇಲ್ಲ. ದಿನಾ ಬಳಕೆಯಾದ ಕೊಂಡಿ ಗಟ್ಟಿಯಾಗುತ್ತದೆ, ಬಳಕೆಯಾಗದ್ದು ಉದುರುತ್ತದೆ. ಯಾವುದು ಉಳಿಯಬೇಕು ಅನ್ನುವುದನ್ನು ಕೂಸಿನ ಸುತ್ತ ನಡೆಯುವ ದಿನನಿತ್ಯದ ಬದುಕೇ ತೀರ್ಮಾನಿಸುತ್ತದೆ.

ಇದನ್ನು ಕಿವಿಯಲ್ಲೇ ಹಿಡಿದು ತೋರಿಸಿದ ಒಂದು ಪ್ರಯೋಗವಿದೆ. ನಾವು 'ಅತ್ತ' ಅಂದದ್ದಕ್ಕೂ 'ಅಟ್ಟ' ಅಂದದ್ದಕ್ಕೂ ಇರುವ ವ್ಯತ್ಯಾಸ ನಮಗೆ ತಟ್ಟನೆ ತಿಳಿಯುತ್ತದೆ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ದೊಡ್ಡವರಿಗೆ ತ, ಟ ಎರಡೂ ಹೆಚ್ಚುಕಡಿಮೆ ಒಂದೇ. ಅವರ ಕೂಸುಗಳಿಗೆ? ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೂಸುಗಳಿಗೆ ಹಿಂದಿಯ ಇಂಥ ಸದ್ದುಗಳನ್ನು ಕೇಳಿಸಿದರು. ಸದ್ದು ಬದಲಾದಾಗ ಕೂಸು ತಲೆ ತಿರುಗಿಸಿದರೆ ಪಕ್ಕದ ಪೆಟ್ಟಿಗೆಯಲ್ಲಿ ಗೊಂಬೆ ಕುಣಿಯುತ್ತದೆ. ಆರರಿಂದ ಎಂಟು ತಿಂಗಳ ಕೂಸುಗಳು ಸಲೀಸಾಗಿ ತಿರುಗಿದವು. ಅವು ಹುಟ್ಟಿದ್ದು ಇಂಗ್ಲಿಷ್ ಮನೆಯಲ್ಲಿ, ಹಿಂದಿಯ ಗಂಧಗಾಳಿ ಇಲ್ಲ. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಅದೇ ಸದ್ದಿಗೆ ಬಹಳಷ್ಟು ಕೂಸುಗಳು ತಿರುಗಲಿಲ್ಲ. ಈ ಫಲಿತಾಂಶ ಅಚ್ಚಾದದ್ದು 1984ರಲ್ಲಿ. ಅಂದರೆ ಮೊದಲ ಮಾತು ಆಡುವ ಮೊದಲೇ ಕೂಸು ತನ್ನ ಓಣಿಯ ಸದ್ದುಗಳನ್ನು ಆರಿಸಿ ಇಟ್ಟುಕೊಂಡಿರುತ್ತದೆ. ನಮ್ಮ ಕಡೆ ಎಷ್ಟೋ ಕೂಸುಗಳು ಕನ್ನಡದ ಜೊತೆ ಮರಾಠಿಯನ್ನೋ, ದಖನಿಯನ್ನೋ, ತಾಂಡಾದ ಲಂಬಾಣಿಯನ್ನೋ ಕೇಳುತ್ತವೆ. "ಎರಡೆರಡು ಭಾಷೆ ಹಾಕಿದರೆ ಕೂಸಿಗೆ ಗೊಂದಲ" ಅನ್ನುವ ಹೆದರಿಕೆ ಬೇಡ. ಜೀವಂತ ಮಂದಿ ಆಡುವ ಎರಡೂ ಭಾಷೆಯನ್ನು ಅದು ಇಟ್ಟುಕೊಳ್ಳುತ್ತದೆ.

'ಜೀವಂತ ಮಂದಿ' ಅಂತ ಬೇಕಂತಲೇ ಬರೆದೆ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ತಂಡ ಒಂಬತ್ತು ತಿಂಗಳ ಕೂಸುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿತು. ಕೆಲವು ಕೂಸುಗಳ ಎದುರು ಚೀನೀ ಮಾತಾಡುವವರೇ ಕೂತು ಆಟಿಕೆ ಹಿಡಿದು ಆಡಿಸಿದರು. ಇನ್ನು ಕೆಲವಕ್ಕೆ ಅದೇ ಮಂದಿಯ ಅದೇ ಮಾತನ್ನು ಟಿವಿಯಲ್ಲಿ ತೋರಿಸಿದರು. ಎದುರು ಕೂತವರಿಂದ ಕೂಸುಗಳು ಹೊಸ ಸದ್ದು ಕಲಿತವು. ಟಿವಿ ನೋಡಿದ ಕೂಸುಗಳು ಚೀನೀ ಕೇಳದವುಗಳಷ್ಟೇ ಕಲಿತವು, ಅಂದರೆ ಸೊನ್ನೆ. 2003ರ ಪ್ರಯೋಗ ಇದು. ಆಗಿನ್ನೂ ನಮ್ಮ ಕೈಗೆ ಸ್ಮಾರ್ಟ್‌ಫೋನ್ ಬಂದಿರಲಿಲ್ಲ. ಪರದೆಯೊಳಗಿನ ಮುಖ ಕೂಸಿನ "ಊಂ" ಕೇಳಿ ಸುಮ್ಮನಾಗುವುದಿಲ್ಲ, "ಹೌದಾ?" ಅನ್ನುವುದೂ ಇಲ್ಲ. ಆಯಿ ಪ್ರಶ್ನೆ ಕೇಳಿ ಎರಡು ಕ್ಷಣ ಕಾಯುತ್ತಾರಲ್ಲ, ಕೆಲಸ ಆಗುವುದು ಅಲ್ಲಿ.

ಇಷ್ಟು ಹೇಳಿ "ತಾಯಂದಿರೇ, ಮೊಬೈಲ್ ಕೊಡಬೇಡಿ" ಅಂತ ಬೈದು ಮುಗಿಸುವುದು ಸುಲಭ. ಎಲ್ಲರೂ ಅದನ್ನೇ ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಒಲೆ ಮೇಲೆ ರೊಟ್ಟಿ, ಮೂಲೆಯಲ್ಲಿ ಮಗ್ಗಕ್ಕೆ ನೂಲು ಸುತ್ತಬೇಕಾದ ಕಂಡಿಕೆಯ ರಾಶಿ, ನಲ್ಲಿಗೆ ನೀರು ಬರುವ ಹೊತ್ತು. ಮನೆಯಲ್ಲಿ ಇನ್ನೊಬ್ಬರಿಲ್ಲ. ಆಗ ಕೂಸನ್ನು ಹಿಡಿದುಕೊಳ್ಳುವ ಮೂರನೇ ಕೈ ಅಂದರೆ ಆ ಮೊಬೈಲೇ. ಅದನ್ನು ಕಿತ್ತುಕೊಳ್ಳುವ ಮೊದಲು ಬೇರೆ ಕೈ ಕೊಡಬೇಕಲ್ಲ.

ಮನುಷ್ಯರ ಕೂಸು ಒಬ್ಬಳೇ ತಾಯಿ ಸಾಕಲಿ ಅಂತ ರೂಪುಗೊಂಡದ್ದೇ ಅಲ್ಲ. ಚಿಂಪಾಂಜಿ ತಾಯಿ ತನ್ನ ಮರಿಯನ್ನು ತಿಂಗಳುಗಟ್ಟಲೆ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಇನ್ನೊಂದು ಮರಿ ಹಾಕಲು ಸುಮಾರು ಐದು ವರ್ಷ ಕಾಯುತ್ತದೆ. ನಮ್ಮಲ್ಲಿ ಹುಟ್ಟಿದ ದಿನದಿಂದಲೇ ಕೂಸು ಕೈಯಿಂದ ಕೈಗೆ ಹೋಗುತ್ತದೆ. ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ ವಾದಿಸುವುದು ಇದನ್ನೇ: ಕೂಸು ಕಂಡಕಂಡವರ ಮುಖ ನೋಡಿ ನಗುವುದು, ಓದುವುದು, ಒಲಿಸಿಕೊಳ್ಳುವುದು, ಎಲ್ಲವೂ ಹಲವರ ಕೈಯಲ್ಲಿ ಬೆಳೆದದ್ದರ ಫಲ. ಮೊದಲ ಹೆರಿಗೆಗೆ ತವರಿಗೆ ಕಳಿಸುವುದು, ಬಾಣಂತಿಗೆ ಅಂಟಿನ ಉಂಡಿ ಕಟ್ಟುವುದು, ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಬಂದು ಕೂಸಿನ ಕಿವಿಯಲ್ಲಿ ಹೆಸರು ಕೂಗುವುದು, ಇವನ್ನೆಲ್ಲ ಬರೀ ಸಂಪ್ರದಾಯ ಅಂತ ತಳ್ಳಿಹಾಕುವ ಹಾಗಿಲ್ಲ. ಹಾಗಂತ ಹಳೆಯದೆಲ್ಲ ಚೆಂದ ಅಂತಲೂ ನಾನು ಹೇಳಲಾರೆ. ಬಾಣಂತಿಗೆ ನೀರು ಕುಡಿಯಲು ಬಿಡದ ಮನೆಗಳನ್ನೂ ನೋಡಿದ್ದೇನೆ.

ತಾಯಿಗೇ ಮನಸ್ಸು ಕುಗ್ಗಿದ್ದರೆ ಏನಾಗುತ್ತದೆ? 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಒಂದು ಸಣ್ಣ ಪ್ರಯೋಗ ಮಾಡಿದರು. ಕೂಸಿನ ಜೊತೆ ನಗುತ್ತ ಆಡುತ್ತಿದ್ದ ತಾಯಿಗೆ, ಒಂದೆರಡು ನಿಮಿಷ ಮುಖದಲ್ಲಿ ಏನೂ ತೋರಿಸದೆ ಸುಮ್ಮನೆ ನೋಡುತ್ತಿರಿ ಅಂದರು. ಕೂಸು ನಕ್ಕಿತು, ಕೈ ಚಾಚಿತು, ಕೂಗಿತು. ಏನೂ ನಡೆಯದಾಗ ಮುಖ ತಿರುಗಿಸಿತು. ಎರಡೇ ನಿಮಿಷದಲ್ಲಿ ಇಷ್ಟು. ಹೆರಿಗೆಯ ನಂತರ ಖಿನ್ನತೆ ಕಾಡುವ ತಾಯಂದಿರು ಕಮ್ಮಿಯೇನಿಲ್ಲ. "ಕೂಸಿನ ಜೊತೆ ಮಾತಾಡು" ಅಂತ ಅವಳಿಗೆ ಹೇಳಿ ಏನು ಬಂತು? ಅವಳ ಜೊತೆ ಯಾರು ಮಾತಾಡುತ್ತಿದ್ದಾರೆ ಅಂತ ಮೊದಲು ನೋಡಬೇಕು.

ಹಾಗೆ ಯಾರಾದರೂ ಬಂದು ಮಾತಾಡಿದರೆ ಎಷ್ಟು ಫಲ ಸಿಗುತ್ತದೆ? ಇದಕ್ಕೆ ಜಮೈಕಾದಲ್ಲಿ ಉತ್ತರ ಸಿಕ್ಕಿದೆ. 1986-87ರಲ್ಲಿ ಕಿಂಗ್ಸ್ಟನ್ ನಗರದ ಬಡ ಕೇರಿಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳನ್ನು ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ತಂಡ ಆರಿಸಿತು. ಮಕ್ಕಳ ವಯಸ್ಸು 9ರಿಂದ 24 ತಿಂಗಳು. ಕೆಲವರಿಗೆ ಪೌಷ್ಟಿಕ ಪುಡಿ ಕೊಟ್ಟರು. ಕೆಲವರ ಮನೆಗೆ ವಾರಕ್ಕೊಂದು ತಾಸು ಆರೋಗ್ಯ ಕಾರ್ಯಕರ್ತೆಯೊಬ್ಬಳು ಹೋದಳು. ಕೆಲವರಿಗೆ ಎರಡೂ ಸಿಕ್ಕವು, ಕೆಲವರಿಗೆ ಎರಡೂ ಇಲ್ಲ. ಆ ಕಾರ್ಯಕರ್ತೆ ದೊಡ್ಡ ಓದಿನವಳಲ್ಲ, ಅದೇ ಕೇರಿಗಳನ್ನು ಬಲ್ಲವಳು. ಖಾಲಿ ಡಬ್ಬಿ, ಬಟ್ಟೆ ಚೂರುಗಳಿಂದ ಮಾಡಿದ ಆಟಿಕೆ ಒಯ್ದು ತಾಯಿ ಮಗು ಇಬ್ಬರನ್ನೂ ಆಡಿಸಿ, ಅವನ್ನು ಅಲ್ಲೇ ಬಿಟ್ಟು ಬರುತ್ತಿದ್ದಳು. ಮುಂದಿನ ವಾರ ಬೇರೆ ಆಟಿಕೆ. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷದ ಬಳಿಕ ನೋಡಿದರೆ, ಆಟದ ತಾಸು ಸಿಕ್ಕ ಮಕ್ಕಳು ಸಿಗದವರಿಗಿಂತ ಶೇ. 25ರಷ್ಟು ಜಾಸ್ತಿ ದುಡಿಯುತ್ತಿದ್ದರು. ಬರೀ ಪುಡಿ ಪಡೆದವರಲ್ಲಿ ಅಂಥ ಲಾಭ ಕಾಣಲಿಲ್ಲ. 129 ಮಕ್ಕಳೆಂದರೆ ಸಣ್ಣ ಲೆಕ್ಕ, ಒಂದೇ ಊರಿನದು ಬೇರೆ. ಹಾಗಾಗಿ ಇದೇ ಅಂಕಿ ಎಲ್ಲ ಕಡೆ ಬರುತ್ತದೆ ಅಂತ ಹೇಳಲಾಗದು. ಊಟ ಮುಖ್ಯ ಅಲ್ಲ ಅಂತಲೂ ಅಲ್ಲ. ಕಬ್ಬಿಣ, ಅಯೋಡಿನ್ ಕೊರತೆಯಾದರೆ ಮಿದುಳಿಗೆ ನೇರ ಪೆಟ್ಟು.

ಈಗ ನಮ್ಮ ಅಂಗನವಾಡಿಗೆ ಬರೋಣ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಇವತ್ತು ಅಂಗನವಾಡಿ ಇಲ್ಲದ ಊರು ಹುಡುಕಬೇಕು. ಮೂರರಿಂದ ಆರು ವರ್ಷದವರಿಗೆ ಅಲ್ಲಿ ಊಟ, ಹಾಲು, ಹಾಡು, ಆಟ ಎಲ್ಲ ಉಂಟು. ಮೂರು ತುಂಬದವರಿಗೆ? ತೂಕ ನೋಡುತ್ತಾರೆ, ಮನೆಗೆ ಪೌಷ್ಟಿಕ ಹಿಟ್ಟಿನ ಪೊಟ್ಟಣ ಕೊಡುತ್ತಾರೆ. ಜಮೈಕಾದ ಲೆಕ್ಕದಲ್ಲಿ ನಾವು ಪುಡಿಯ ಗುಂಪು! ಮಿದುಳಿನ ಕೊಂಡಿಗಳು ಭರದಿಂದ ಬೆಳೆಯುವ ಮೂರು ವರ್ಷದಲ್ಲಿ ಬಾಗಿಲು ಅರ್ಧವೇ ತೆರೆದಿರುತ್ತದೆ. ಮನೆ ಭೇಟಿಯ ಕೆಲಸ ಕಾಗದದಲ್ಲಿದೆ, ನಿಜ. ಆದರೆ ಅಂಗನವಾಡಿ ನಡೆಸುವ ಅಕ್ಕೋರ ಕೈಯಲ್ಲಿ ತೂಕದ ಲೆಕ್ಕ, ಎತ್ತರದ ಲೆಕ್ಕ, ಮೊಟ್ಟೆಯ ಲೆಕ್ಕ, ಮೊಬೈಲಿಗೆ ತುಂಬುವ ಲೆಕ್ಕ. ಮೇಲೆ ಸರ್ವೇ ಬೇರೆ. ಕೂಸಿನ ಜೊತೆ ಎಷ್ಟು ಹೊತ್ತು ಆಡಿದಿರಿ ಅಂತ ಯಾವ ರಿಜಿಸ್ಟರಿನಲ್ಲೂ ಸಾಲು ನೋಡಿದ ನೆನಪಿಲ್ಲ ನನಗೆ.

ಹಾದಿ ಇಲ್ಲವೇ ಇಲ್ಲ ಅಂತಲ್ಲ. 2017ರಲ್ಲಿ ಸರ್ಕಾರದ ಮಾತೃಪೂರ್ಣ ಯೋಜನೆ ಶುರುವಾದಾಗ ಬಸುರಿ, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೇ ಬಂದು ಉಣ್ಣಬೇಕು ಅಂದರು. ಬಾಣಂತಿ ಹೊಸ್ತಿಲು ದಾಟಬಾರದು ಅನ್ನುವ ಹಿರಿಯರು ಮುಖ ಸಿಂಡರಿಸಿದರು. ನಡೆದು ಬರಲು ದೂರ ಅನ್ನುವ ದೂರೂ ಇತ್ತು. ಆದರೆ ಬಂದು ಕೂತವರ ಹರಟೆ ಕೇಳಿದ್ದೇನೆ. ಯಾರ ಕೂಸು ರಾತ್ರಿ ಎಷ್ಟು ಸಲ ಎದ್ದಿತು, ಯಾರ ಅತ್ತೆ ಏನಂದರು. ನನ್ನ ಮಟ್ಟಿಗೆ ಆ ಹರಟೆಯ ಬೆಲೆ ಅನ್ನ ಸಾರಿಗಿಂತ ಕಮ್ಮಿಯಲ್ಲ.

ಕಬ್ಬಿನ ಹಂಗಾಮಿನಲ್ಲಿ ಈ ಎಳೆಯೂ ಕಡಿದುಹೋಗುತ್ತದೆ. ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗ್ ಹೊರಟಿತು ಅಂದರೆ ಕೂಸುಗಳೂ ಹೊರಟವು. ಫ್ಯಾಕ್ಟರಿ ಪಕ್ಕದ ಜೋಪಡಿ, ಟ್ರೇಲರಿನ ಕೆಳಗೆ ಕಟ್ಟಿದ ಸೀರೆಯ ಜೋಳಿಗೆ, ಅದನ್ನು ತೂಗಲು ಎಂಟು ವರ್ಷದ ಅಕ್ಕ. ಅವಳ ಶಾಲೆಯೂ ಹೋಯಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆ ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023ರಲ್ಲಿ ಸರ್ಕಾರ ಹೇಳಿ, ಶುರುವನ್ನೂ ಮಾಡಿತು. ಕಬ್ಬಿನ ಗದ್ದೆಯ ಬದುವಿಗೂ ಅಂಥದ್ದೊಂದು ಬೇಕು. ಬನಹಟ್ಟಿಯ ವಿದ್ಯುತ್ ಮಗ್ಗದ ಓಣಿಗಳಿಗೆ ಇನ್ನೂ ಜಾಸ್ತಿ ಬೇಕು. ಗದ್ದಲದ ನಡುವೆ ಮಾತನ್ನು ಹೆಕ್ಕಿ ಕೇಳುವುದು ದೊಡ್ಡವರಿಗಿಂತ ಕೂಸಿಗೆ ಬಹಳ ಕಷ್ಟ. ಅಲ್ಲಿ ಆಯಿ ಎಷ್ಟು ಮಾತಾಡಿದರೂ ಕೂಸಿಗೆ ಕೇಳುವುದು ಖಟಖಟ ಒಂದೇ.

ನಮ್ಮ ಪಕ್ಕದ ಮನೆಯದು ಕೈಮಗ್ಗ, ಅದೊಂದು ಪುಣ್ಯ. ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಕುಂಚಿಗೆ ಕಟ್ಟಿ ಮಲಗಿಸಿದ ಕೂಸು ತಾಸೊಪ್ಪತ್ತಿನಲ್ಲಿ ಎದ್ದಿತು. ಆಯಿ ಸಂತೆಗೆ ಹೋಗಿದ್ದರು. ಸೊಸೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಖಣ ನೇಯುತ್ತಿದ್ದಳು. ತೊಟ್ಟಿಲಿನಿಂದ "ಊಂ" ಬಂತು.

ಲಾಳಿ ನಿಂತಿತು. "ಏನಪ್ಪಾ?" ಅಂದಳು.

ಕೂಸು ಏನೋ ಹೇಳಿತು. ಉದ್ದಕ್ಕೇ ಹೇಳಿತು. ಅದು ಮುಗಿಸುವ ತನಕ ಅವಳ ಕೈ ಹಗ್ಗದ ಮೇಲೇ ಇತ್ತು.

"ಹಂಗಾ?" ಅಂದಳು. ಲಾಳಿ ಮತ್ತೆ ಓಡಿತು.