ಎಷ್ಟು ಪುಸ್ತಕ ಮನೆಗೆ ಹೋದವು?

ಏಪ್ರಿಲ್ ಬಂತೆಂದರೆ ಗ್ರಂಥಾಲಯಗಳಲ್ಲಿ ವರ್ಷದ ವರದಿ ಬರೆಯುವ ಕೆಲಸ ಶುರುವಾಗುತ್ತದೆ. ಹೊಸ ಪುಸ್ತಕ ಎಷ್ಟು ಬಂದವು, ಕುರ್ಚಿ ಮೇಜು ಎಷ್ಟು ಸೇರಿದವು, ಕಂಪ್ಯೂಟರ್ ಎಷ್ಟಿವೆ, ಕಾರ್ಯಕ್ರಮ ಎಷ್ಟು ಮಾಡಿದೆವು. ಎಲ್ಲವೂ ಬೇಕಾದ ಲೆಕ್ಕವೇ. ಆದರೆ ಶಿವಮೊಗ್ಗ ಜಿಲ್ಲೆಯ ಗ್ರಂಥಾಲಯಗಳಲ್ಲಿ ಕೆಲಸ ಮಾಡಿಕೊಂಡು ಬಂದ ನಾನು, ಯಾವ ವರದಿ ಕೈಗೆ ಬಂದರೂ ಮೊದಲು ಹುಡುಕುವುದು ಬೇರೊಂದು ಸಾಲನ್ನು. ಆ ವರ್ಷ ಎಷ್ಟು ಪುಸ್ತಕ ಓದುಗರ ಮನೆಗೆ ಹೋಗಿ ಬಂದವು?

ಇದನ್ನೇ ಯಾಕೆ ಕೇಳುತ್ತೇನೆ ಅಂದರೆ, ಇಲ್ಲಿಯ ಊರುಗಳು ಇರುವುದೇ ಹಾಗೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಊರು ಅಂದರೆ ಒತ್ತೊತ್ತಾಗಿ ಕಟ್ಟಿದ ಬೀದಿ ಅಲ್ಲ. ಗುಡ್ಡಕ್ಕೊಂದು ಮನೆ, ತೋಟಕ್ಕೊಂದು ಮನೆ. ಪಂಚಾಯಿತಿ ಕಟ್ಟಡದ ಪಕ್ಕ ಒಳ್ಳೆಯ ವಾಚನಾಲಯ ಮಾಡಿದರೆ ರಸ್ತೆ ಬದಿಯವರು ಬಂದು ಪೇಪರ್ ಓದುತ್ತಾರೆ. ಒಳಗಿನ ಮನೆಯ ಹೆಂಗಸರು, ವಯಸ್ಸಾದವರು, ಸಂಜೆ ಬಸ್ಸಿಗೆ ಓಡಬೇಕಾದ ಮಕ್ಕಳು ಬಂದು ಕೂತು ಓದುವುದು ಆಗದ ಮಾತು. ಅವರಿಗೆ ಪುಸ್ತಕ ಮನೆಗೇ ಸಿಗಬೇಕು. ಪೇಟೆಯ ಗ್ರಂಥಾಲಯಕ್ಕೆ ಇದು ಹಲವು ಸೇವೆಗಳಲ್ಲಿ ಒಂದು. ನಮ್ಮಲ್ಲಿ ಇದೇ ಮೊದಲ ಸೇವೆ.

ಹಾಗಾದರೆ ಪುಸ್ತಕ ಬೀರುವಿನಿಂದ ಹೊರಗೆ ಯಾಕೆ ಹೋಗುವುದಿಲ್ಲ? ಬಹಳ ಸಲ ಕಾರಣ ಸೋಮಾರಿತನ ಅಲ್ಲ, ಭಯ. ಪುಸ್ತಕ ಕಳೆದರೆ ತಪಾಸಣೆ ಹೊತ್ತಿಗೆ ಯಾರು ಉತ್ತರ ಹೇಳುವುದು? ಸಂಬಳದಲ್ಲಿ ಹಿಡಿದರೆ? ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರ ಆದಾಯ ನೋಡಿದರೆ ಈ ಭಯ ಸಹಜ ಅಲ್ವಾ? ಅದಕ್ಕೇ ಅವರಿಗೆ ಒಂದು ನಿಯಮದ ಬಗ್ಗೆ ಹೇಳುತ್ತಿರುತ್ತೇನೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯದ ಪುಸ್ತಕಗಳಿಗೆ ಸಂಬಂಧಿಸಿದ್ದು. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದನ್ನು ಸಹಜ ನಷ್ಟ ಎಂದು ಒಪ್ಪಬಹುದು, ಮೋಸವಾಗಲಿ ನಿರ್ಲಕ್ಷ್ಯವಾಗಲಿ ಇರಬಾರದು ಎಂದು ಅದು ಹೇಳುತ್ತದೆ. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಲೆಕ್ಕ ಹಾಕುವುದು ಬೀರುವಿನಲ್ಲಿರುವ ಪುಸ್ತಕದ ಮೇಲಲ್ಲ, ಜನರ ಕೈಗೆ ಹೋದ ಪುಸ್ತಕದ ಮೇಲೆ. ಜಾಸ್ತಿ ಕೊಟ್ಟವರಿಗೆ ಜಾಸ್ತಿ ರಿಯಾಯಿತಿ. ಇದು ಕೇಂದ್ರದ ಕಚೇರಿಗಳಿಗಾಗಿ ಮಾಡಿದ ನಿಯಮ, ನಿಜ. ಆದರೆ ಹಳ್ಳಿ ಗ್ರಂಥಾಲಯ ತಪಾಸಣೆಗೆ ಬರುವ ಅಧಿಕಾರಿಗಳೂ ಇದೇ ಕಣ್ಣಿನಿಂದ ನೋಡಿದರೆ ಎಷ್ಟೋ ಬೀರುಗಳ ಬೀಗ ತೆಗೆಯುತ್ತದೆ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅಷ್ಟು ಮಳೆ ಇಲ್ಲದ ಊರಿನಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ. ಗಾಳಿಯ ತೇವ ಶೇ 65 ದಾಟಿ ದಿನಗಟ್ಟಲೆ ನಿಂತರೆ ಪುಸ್ತಕಕ್ಕೆ ಬೂಷ್ಟು ಬರುತ್ತದೆ. ಇದಕ್ಕೆ ನುಸಿ ಗುಳಿಗೆ ಹಾಕುವ ಅಭ್ಯಾಸ ತುಂಬಾ ಕಡೆ ಇದೆ. ನುಸಿ ಗುಳಿಗೆಗೆ ಹುಳ ದೂರ ಹೋಗಬಹುದು, ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ. ಮಕ್ಕಳು ಕೂತು ಓದುವ ಕೋಣೆಯಲ್ಲಿ ಆ ವಾಸನೆ ಒಳ್ಳೆಯದೂ ಅಲ್ಲ.

ಬೂಷ್ಟು ತಡೆಯಲು ಬೇಕಾದ್ದು ಗಾಳಿ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಕೆಳಗಿನ ತಟ್ಟೆ ಮಳೆಗಾಲ ಮುಗಿಯುವವರೆಗೆ ಖಾಲಿ ಇರಲಿ. ಪುಸ್ತಕ ಒತ್ತಿ ತುರುಕಬೇಡಿ, ನಡುವೆ ಬೆರಳು ಆಡಬೇಕು. ಗಾಜಿನ ಬಾಗಿಲು ದಿನಕ್ಕೆ ಸ್ವಲ್ಪ ಹೊತ್ತಾದರೂ ತೆರೆದಿರಲಿ. ಬೂಷ್ಟು ಬಂದ ಪುಸ್ತಕವನ್ನು ಒಳಗೆ ಕೊಡವಬೇಡಿ, ಅದರ ಪುಡಿ ಬೇರೆ ಪುಸ್ತಕಕ್ಕೂ ನಿಮ್ಮ ಎದೆಗೂ ಹೋಗುತ್ತದೆ. ಮೊದಲು ನೆರಳಲ್ಲಿ ಒಣಗಿಸಿ. ಆಮೇಲೆ ಮಾಸ್ಕ್ ಹಾಕಿಕೊಂಡು ಜಗಲಿಯ ಹೊರಗೆ ಮೆತ್ತನೆಯ ಬ್ರಷ್‌ನಿಂದ ಒರೆಸಿ. ಬಿಸಿಲಿಗೆ ಹರವಿದರೆ ಕಾಗದ ಹಳದಿಯಾಗುತ್ತದೆ, ಅಂಟು ಬಿಡುತ್ತದೆ. ಮಾಡು ಸೋರಿ ನೆನೆದಿದ್ದರೆ ನುಣುಪು ಕಾಗದದ ಚಿತ್ರಪುಸ್ತಕಗಳನ್ನು ಮೊದಲು ನೋಡಿಕೊಳ್ಳಿ. ಒಣಗುವಾಗ ಅವುಗಳ ಹಾಳೆ ಒಂದಕ್ಕೊಂದು ಅಂಟಿದರೆ ಮತ್ತೆ ಬಿಡಿಸುವುದು ಕಷ್ಟ.

ಇಷ್ಟೆಲ್ಲ ಮಾಡಿದರೂ ಬೀಗ ಹಾಕಿದ ಬೀರುವಿನಲ್ಲಿ ನಾಲ್ಕು ತಿಂಗಳು ಕೂತ ಪುಸ್ತಕಕ್ಕಿಂತ ಕೈಯಿಂದ ಕೈಗೆ ಹೋದ ಪುಸ್ತಕವೇ ಚೆನ್ನಾಗಿ ಉಳಿಯುತ್ತದೆ. ಒಲೆಯ ಬಿಸಿ ಇರುವ ಮನೆಯಲ್ಲಿ ಇರುತ್ತದೆ, ಹಾಳೆ ತಿರುವುತ್ತಾರೆ, ಗಾಳಿಯಾಡುತ್ತದೆ. ಅದಕ್ಕೇ ನನ್ನ ಸಲಹೆ: ಮಳೆಗಾಲದಲ್ಲಿ ಪುಸ್ತಕದ ವಾಯಿದೆಯನ್ನು 15 ದಿನದಿಂದ ಒಂದು ತಿಂಗಳಿಗೆ ಏರಿಸಿ. ಒಬ್ಬರಿಗೆ ಎರಡರ ಬದಲು ನಾಲ್ಕು ಕೊಡಿ. ಹಳ್ಳ ತುಂಬಿ ವಾಪಸ್ ತರಲಾಗದವರಿಗೆ ದಂಡ ಹಾಕಬೇಡಿ. ಕೊಡುವಾಗ ಒಂದು ಪ್ಲಾಸ್ಟಿಕ್ ಚೀಲವನ್ನೂ ಕೊಡಿ. ಖರ್ಚಿಲ್ಲದ ಸುಧಾರಣೆ ಇದು, ಪಂಚಾಯಿತಿಯ ಒಂದು ಸಭೆಯಲ್ಲಿ ತೀರ್ಮಾನವಾಗುವಂಥದ್ದು.

ಪಂಚಾಯಿತಿ ಅಂದೆ. ಹಳ್ಳಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿದೆ. ಈ ಬದಲಾವಣೆಯಿಂದ ಆದ ದೊಡ್ಡ ಲಾಭ ಅಂದರೆ ಶಾಲೆ, ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಮಹಿಳಾ ಸಂಘಗಳು, ಗ್ರಂಥಾಲಯ ಎಲ್ಲವೂ ಒಂದೇ ಪಂಚಾಯಿತಿಯ ಮೇಜಿಗೆ ಬಂದವು. ಸಹಭಾಗಿತ್ವ ಅಂದರೆ ಎಲ್ಲರೂ ಸೇರಿ ಬ್ಯಾನರ್ ಕಟ್ಟಿ ಫೋಟೋ ತೆಗೆಸುವುದಲ್ಲ. ಜನ ದಿನಾ ಹೋಗುವ ಜಾಗಕ್ಕೆ ಪುಸ್ತಕ ಹೋಗಬೇಕು.

ನಮ್ಮ ಕಡೆ ಅಂಥ ಜಾಗ ಹಾಲಿನ ಡೈರಿ. ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದು ಬರುವವರಲ್ಲಿ ಹೆಂಗಸರು, ಮಕ್ಕಳು ಜಾಸ್ತಿ. ಅಲ್ಲಿ ಒಂದು ಮುಚ್ಚಳದ ಪೆಟ್ಟಿಗೆ, ಅದರಲ್ಲಿ ಮೂವತ್ತು ನಲವತ್ತು ಪುಸ್ತಕ, ಒಂದು ನೋಟ್‌ಬುಕ್, ದಾರಕ್ಕೆ ಕಟ್ಟಿದ ಪೆನ್ನು. ಹಾಲು ಬರೆದುಕೊಳ್ಳುವವರು ಪುಸ್ತಕದ ನಂಬರನ್ನೂ ಬರೆದುಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಪೆಟ್ಟಿಗೆ ಬದಲಿಸಿ. ಅಡಿಕೆ ಕೊಯ್ಲಿನ ಕಾಲದಲ್ಲಿ ಇದೇ ಪೆಟ್ಟಿಗೆಯನ್ನು ಸುಲಿಯುವ ಚಪ್ಪರಕ್ಕೆ ಕಳಿಸಬಹುದು. ಸುಲಿಯುತ್ತಾ ಕೂತವರಿಗೆ ಒಬ್ಬರು ಗಟ್ಟಿಯಾಗಿ ಓದಿ ಹೇಳಿದರೆ ಉಳಿದವರು ಕೇಳುತ್ತಾರೆ. ಓದು ಬಾರದ ಅಜ್ಜಿಯೂ ಆಗ ಗ್ರಂಥಾಲಯದ ಓದುಗರೇ.

ಆರೋಗ್ಯ ಇಲಾಖೆಯ ಜೊತೆಗಿನ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸುವುದು ಹಳೆಯ ಮಾಹಿತಿಯನ್ನು ತೆಗೆದುಹಾಕುವುದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಳೆಯ ಕರಪತ್ರಗಳಲ್ಲಿ ಲಸಿಕೆ ಹಾಕಿಸಿಕೊಳ್ಳಿ ಅಂತ ಇರುತ್ತದೆ. ಆ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಎಂದು 2022ರಲ್ಲಿ ನಿಲ್ಲಿಸಿದರು. ಆ ಕರಪತ್ರ ಇನ್ನೂ ಗೋಡೆಯ ಮೇಲಿದ್ದರೆ ಗ್ರಂಥಾಲಯವೇ ತಪ್ಪು ದಾರಿ ತೋರಿಸಿದ ಹಾಗೆ. ನವೆಂಬರ್‌ನಲ್ಲಿ, ಅಂದರೆ ಕಾಯಿಲೆಯ ಕಾಲಕ್ಕೆ ಮುಂಚೆ, ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆದು ಹೊಸ ಮಾಹಿತಿ ಪಡೆಯಬೇಕು. ತರಗೆಲೆ ತರಲು ಕಾಡಿಗೆ ಹೋಗುವ ಮುಂಚೆ ಕಾಯಿಲೆ ಹರಡುವ ಉಣುಗು ಹತ್ತಿರ ಬಾರದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರಿನ ಸ್ನಾನ, ಉಣುಗು ಕಚ್ಚಿದೆಯಾ ನೋಡಿಕೊಳ್ಳುವುದು, ಸತ್ತ ಮಂಗ ಕಂಡರೆ ತಿಳಿಸುವುದು. ನವೆಂಬರ್ 14ರಿಂದ 20ರವರೆಗೆ ಹೇಗೂ ಗ್ರಂಥಾಲಯ ಸಪ್ತಾಹ ಇರುತ್ತದೆ, ಭಾಷಣದ ಒಂದು ದಿನವನ್ನು ಇದಕ್ಕೆ ಕೊಡಿ.

ದುಡ್ಡಿನ ಮಾತು ಚಿಕ್ಕದು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಹಾಕುತ್ತಾರೆ, ಈಗ ತೆರಿಗೆಯ ಶೇ 6. ನಿಮ್ಮ ರಸೀದಿ ತೆಗೆದು ನೋಡಿ, ಆ ಸಾಲು ಇರುತ್ತದೆ. ಅದು ಗ್ರಂಥಾಲಯಕ್ಕೇ ಸೇರಬೇಕಾದ ಹಣ. ಎಷ್ಟು ವಸೂಲಾಯಿತು, ಎಷ್ಟು ಗ್ರಂಥಾಲಯಕ್ಕೆ ಬಂತು ಅಂತ ಗ್ರಾಮಸಭೆಯಲ್ಲಿ ಕೇಳುವುದು ಜಗಳ ಅಲ್ಲ, ನಿಮ್ಮ ಹಕ್ಕು.

ಕೊನೆಯದಾಗಿ, ಮನೆಗೆ ಕೊಡಬಾರದ ಒಂದು ಕಪಾಟಿನ ವಿಷಯ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮುಳುಗಡೆಯಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಜಾಗದ ದಾಖಲೆಗೆ ಓಡಾಡುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು ಅರ್ಜಿ ಹಾಕಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಏನನ್ನು ಸಾಕ್ಷ್ಯ ಅಂತ ಒಪ್ಪಬಹುದು ಎಂಬ ಪಟ್ಟಿ ಅದರ 13ನೇ ನಿಯಮದಲ್ಲಿದೆ. ಗೆಜೆಟಿಯರ್ (ಜಿಲ್ಲೆ, ಊರುಗಳ ವಿವರ ಇರುವ ಸರ್ಕಾರಿ ಗ್ರಂಥ), ಜನಗಣತಿ, ಸರ್ವೆ ಸೆಟಲ್‌ಮೆಂಟ್ ವರದಿ, ನಕ್ಷೆ ಎಲ್ಲವೂ ಅದರಲ್ಲಿವೆ. ಬರವಣಿಗೆಯಲ್ಲಿ ದಾಖಲಾದ ಹಿರಿಯರ ಹೇಳಿಕೆಯೂ ಇದೆ, ಆದರೆ ಆ ಹಿರಿಯರು ಅರ್ಜಿದಾರರಾಗಿರಬಾರದು. ಗೆಜೆಟಿಯರ್ ಸಿಗುವುದು ಎಲ್ಲಿ? ಗ್ರಂಥಾಲಯದಲ್ಲಿ. ಹೀಗಾಗಿ ಜಿಲ್ಲೆಯ, ತಾಲ್ಲೂಕಿನ ಗ್ರಂಥಾಲಯಗಳಲ್ಲಿ ಹಳೆಯ ಮೈಸೂರು ಗೆಜೆಟಿಯರ್‌ಗಳು, ಜನಗಣತಿ ಪುಸ್ತಕಗಳು, ತಾಲ್ಲೂಕು ನಕ್ಷೆಗಳು ರದ್ದಿ ಪಟ್ಟಿಗೆ ಸೇರದಂತೆ ನೋಡಿಕೊಳ್ಳಬೇಕು. ಯಾರೂ ಎರಡು ವರ್ಷ ಮುಟ್ಟಿಲ್ಲ ಅಂತ ಅವನ್ನು ತೆಗೆಯಬಾರದು. ಸ್ಕ್ಯಾನ್ ಮಾಡಿ ಪ್ರತಿ ಕೊಡುವ ವ್ಯವಸ್ಥೆ ಇರಬೇಕು.

ಮನೆಗಳಲ್ಲಿ ಹಳೆಯ ಕಂದಾಯ ರಸೀದಿ, ಮುಳುಗಡೆ ನೋಟಿಸು, ಊರಿನ ಶಾಲೆಯ ಹಳೆಯ ಸಂಚಿಕೆ ಇದ್ದವರು ಈ ಮಳೆಗಾಲದ ಮುಂಚೆ ಅವನ್ನು ಹತ್ತಿರದ ಗ್ರಂಥಾಲಯಕ್ಕೆ ತನ್ನಿ. ಮೂಲ ಪ್ರತಿಯನ್ನು ಕೊಟ್ಟುಬಿಡಬೇಡಿ. ನಿಮ್ಮೆದುರೇ ಸ್ಕ್ಯಾನ್ ಮಾಡಿಸಿ, ಊರು ಮತ್ತು ಇಸವಿ ಬರೆಸಿ, ವಾಪಸ್ ತೆಗೆದುಕೊಂಡು ಹೋಗಿ.