ಪೆಟ್ರೋಲಿಗೆ ಸೀಸ ಬೆರೆಸಿದವರಿಗೆ ಮೊದಲೇ ಗೊತ್ತಿತ್ತು

2021ರ ಜುಲೈನಲ್ಲಿ ಅಲ್ಜೀರಿಯಾದ ಬಂಕುಗಳಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ನಿಂತಿತು. ಅಲ್ಲಿಗೆ, ರಸ್ತೆಯ ವಾಹನಗಳಿಗೆ ಆ ಪೆಟ್ರೋಲ್ ಹಾಕುವ ದೇಶ ಜಗತ್ತಿನಲ್ಲಿ ಒಂದೂ ಉಳಿಯಲಿಲ್ಲ. ಇದಕ್ಕೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು. ವಿಜ್ಞಾನ ನಿಧಾನವಾಗಿ ಕಣ್ಣು ತೆರೆದದ್ದರಿಂದ ಇಷ್ಟು ತಡವಾಯಿತು ಎಂದುಕೊಂಡರೆ ಅದು ಸುಳ್ಳು. ಸೀಸ ವಿಷವೆಂಬುದು ರೋಮನ್ನರ ಕಾಲಕ್ಕೇ ತಿಳಿದಿತ್ತು.

1921ರ ಡಿಸೆಂಬರ್‌ನಲ್ಲಿ ಅಮೆರಿಕದ ಡೇಟನ್ ನಗರದ ಜನರಲ್ ಮೋಟರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್‌ಗ್ಲೇ ಎಂಬ ಎಂಜಿನಿಯರ್ ಒಂದು ಹಳೆಯ ತಲೆನೋವಿಗೆ ಮದ್ದು ಕಂಡುಹಿಡಿದ. ಏರು ಹತ್ತುವಾಗ ಇಂಜಿನ್ ಒಳಗೆ ಟಕಟಕನೆ ಬಡಿಯುತ್ತಿತ್ತು. ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸವನ್ನು ತುಸು ಬೆರೆಸಿದರೆ ಬಡಿತ ನಿಲ್ಲುತ್ತಿತ್ತು. ಆಲ್ಕೊಹಾಲ್ ಬೆರೆಸಿದರೂ ನಿಲ್ಲುತ್ತದೆಂದು ಅದೇ ಪ್ರಯೋಗಾಲಯಕ್ಕೆ ಗೊತ್ತಿತ್ತು. ಆದರೆ ಆಲ್ಕೊಹಾಲನ್ನು ಯಾವ ರೈತನೂ ಧಾನ್ಯದಿಂದ ಬಟ್ಟಿ ಇಳಿಸಿಕೊಳ್ಳಬಹುದು, ಅದಕ್ಕೆ ಪೇಟೆಂಟ್ ಸಿಗುವುದಿಲ್ಲ. ಸೀಸಕ್ಕೆ ಸಿಗುತ್ತದೆ. 1923ರಲ್ಲಿ ‘ಈಥೈಲ್’ ಎಂಬ ಹೆಸರಿನಲ್ಲಿ ಅದು ಬಂಕಿಗೆ ಬಂತು.

ಮೊದಲು ಸತ್ತವರು ಅದನ್ನು ತಯಾರಿಸಿದ ಕಾರ್ಮಿಕರು. ನ್ಯೂಜೆರ್ಸಿಯಲ್ಲಿ ಡುಪಾಂಟ್ ಕಂಪನಿಯ ಕಾರ್ಖಾನೆಯೊಂದಕ್ಕೆ ಅಲ್ಲಿನ ಕೆಲಸಗಾರರೇ ‘ಚಿಟ್ಟೆಗಳ ಮನೆ’ ಎಂದು ಹೆಸರಿಟ್ಟಿದ್ದರು. ಕೆಲಸ ಮಾಡುತ್ತಿದ್ದವನು ಇದ್ದಕ್ಕಿದ್ದಂತೆ ನಿಂತು, ಇಲ್ಲದ ಹುಳುಗಳನ್ನು ಮೈಮೇಲಿಂದ ಕೊಡವಿಕೊಳ್ಳುತ್ತಿದ್ದ. 1924ರ ಅಕ್ಟೋಬರ್‌ನಲ್ಲಿ ಅದೇ ರಾಜ್ಯದ ಬೇವೇ ತೈಲ ಸಂಸ್ಕರಣಾ ಘಟಕದಲ್ಲಿ ಐವರು ಬುದ್ಧಿಭ್ರಮಣೆಗೊಂಡು ಸತ್ತರು; ಮೂವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಪತ್ರಿಕೆಗಳು ‘ಹುಚ್ಚು ಗ್ಯಾಸ್’ ಎಂದು ಬರೆದವು. ಮಿಡ್‌ಗ್ಲೇ ವರದಿಗಾರರನ್ನು ಕರೆದು ಅವರೆದುರೇ ಆ ದ್ರವದಲ್ಲಿ ಕೈ ತೊಳೆದುಕೊಂಡು, ಬಾಟಲಿಗೆ ಮೂಗಿಟ್ಟು ಒಂದು ನಿಮಿಷ ಉಸಿರೆಳೆದು ತೋರಿಸಿದ. ಹಿಂದಿನ ವರ್ಷ ತನಗೇ ಸೀಸದ ವಿಷವೇರಿ, ಚೇತರಿಸಿಕೊಳ್ಳಲು ಫ್ಲಾರಿಡಾಕ್ಕೆ ಹೋಗಿದ್ದನ್ನು ಮಾತ್ರ ಹೇಳಲಿಲ್ಲ. ಓಜೋನ್ ಪದರಕ್ಕೆ ಕುತ್ತು ತಂದ ಸಿಎಫ್‌ಸಿ ಅನಿಲವನ್ನು ಮುಂದೆ ಫ್ರಿಜ್ಜಿಗೆ ತಂದದ್ದೂ ಇದೇ ಮಹಾಶಯನ ತಂಡ!

1925ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರ ಸಭೆ ಕರೆಯಿತು. ಕಾರ್ಖಾನೆ ರೋಗಗಳ ತಜ್ಞೆ ಆಲಿಸ್ ಹ್ಯಾಮಿಲ್ಟನ್, ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಇಬ್ಬರೂ ಸಾರ್ವಜನಿಕರ ಆರೋಗ್ಯಕ್ಕೆ ಇದರಿಂದ ಗಂಡಾಂತರವಿದೆ ಎಂದರು. ಕಂಪನಿಯ ಪ್ರತಿನಿಧಿ ಇದು ದೇವರ ಕೊಡುಗೆ ಎಂದ. ಮುಂದಿನ ವರ್ಷ ತಜ್ಞರ ಸಮಿತಿ, ನಿಷೇಧಿಸಲು ಸದ್ಯಕ್ಕೆ ಸಾಕಷ್ಟು ಕಾರಣಗಳಿಲ್ಲ, ಅಧ್ಯಯನ ಮುಂದುವರಿಯಲಿ ಎಂದು ಬರೆದು ಕೈತೊಳೆದುಕೊಂಡಿತು. ಈ ಕಥೆಯ ಗಂಟು ಇರುವುದು ಇಲ್ಲಿಯೇ. ಸುರಕ್ಷಿತವೆಂದು ತೋರಿಸುವ ಹೊಣೆ ಮಾರುವವನ ಮೇಲೆ ಬೀಳಲಿಲ್ಲ; ಅಪಾಯವೆಂದು ಸಾಬೀತುಪಡಿಸುವ ಹೊಣೆ ಉಸಿರಾಡುವವನ ಹೆಗಲಿಗೆ ಬಿತ್ತು. ಮುಂದುವರಿಯಬೇಕಿದ್ದ ಆ ಅಧ್ಯಯನಕ್ಕೆ ಹಣ ಕೊಟ್ಟವರಾದರೂ ಯಾರು? ಸೀಸ ಮಾರುವವರೇ. ಸುಮಾರು ನಾಲ್ಕು ದಶಕ ಈ ವಿಷಯದಲ್ಲಿ ಅಧಿಕಾರವಾಣಿಯಾಗಿದ್ದ ರಾಬರ್ಟ್ ಕೀಹೋ ಎಂಬ ವಿಜ್ಞಾನಿ ಸಂಶೋಧನೆ ನಡೆಸಿದ್ದು ಆ ಮಾರಾಟಗಾರರ ನೆರವಿನಿಂದಲೇ. ಈಥೈಲ್ ಮುಟ್ಟುವ ಕಾರ್ಮಿಕರ ಜೊತೆ ಹೋಲಿಸಲು ಅವನು ಆರಿಸಿಕೊಂಡದ್ದು ಅದೇ ಕಾರ್ಖಾನೆಯ ಇತರ ನೌಕರರನ್ನು. ಇಬ್ಬರಲ್ಲೂ ಸೀಸ ಸಿಕ್ಕಿತು. ಹಾಗಾದರೆ ಮನುಷ್ಯನ ಮೈಯಲ್ಲಿ ಸೀಸವಿರುವುದು ಸಹಜ ಎಂದು ತೀರ್ಮಾನವಾಯಿತು.

ಅದನ್ನು ಕೆಡವಿದವನು ವೈದ್ಯನಲ್ಲ, ಭೂಮಿಯ ವಯಸ್ಸು ಲೆಕ್ಕ ಹಾಕಲು ಹೊರಟ ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಯ ಸೀಸವನ್ನು ಅಳೆಯಲು ಕೂತರೆ ಕೋಣೆಯ ಧೂಳು, ಪಾತ್ರೆ, ತಲೆಗೂದಲು ಎಲ್ಲದರಿಂದಲೂ ಸೀಸ ಸೇರಿಕೊಂಡು ಲೆಕ್ಕ ಕೆಡುತ್ತಿತ್ತು. ಕೋಣೆಯನ್ನು ಉಜ್ಜಿ ಉಜ್ಜಿ ತೊಳೆದು ಕೊನೆಗೆ ಭೂಮಿಗೆ 455 ಕೋಟಿ ವರ್ಷ ಎಂದು ಕಂಡುಕೊಂಡ. ಆಮೇಲೆ ಕಾಡಿದ ಪ್ರಶ್ನೆ, ಇಷ್ಟೊಂದು ಸೀಸ ಬಂದದ್ದೆಲ್ಲಿಂದ ಎಂಬುದು. ಸಮುದ್ರದ ಮೇಲ್ಪದರ ಮತ್ತು ಆಳದ ನೀರನ್ನು ಹೋಲಿಸಿದ. ಗ್ರೀನ್‌ಲ್ಯಾಂಡಿನ ಮಂಜನ್ನು ಪದರ ಪದರವಾಗಿ ಪರೀಕ್ಷಿಸಿದ. ಕೆಳಗಿನ ಹಳೆಯ ಪದರಗಳಲ್ಲಿ ಸೀಸ ಅತ್ಯಲ್ಪ, ಮೋಟಾರು ಯುಗದ ಪದರಗಳಲ್ಲಿ ಧಾರಾಳ. ಕೀಹೋ ‘ಸಹಜ’ ಎಂದದ್ದು ಎಲ್ಲರಲ್ಲೂ ಕಾಣುವ ಪ್ರಮಾಣವಷ್ಟೇ, ಪ್ರಕೃತಿ ಇಟ್ಟ ಪ್ರಮಾಣವಲ್ಲ ಎಂದು 1965ರಲ್ಲಿ ಬರೆದ. ತೈಲ ಉದ್ಯಮ ಅವನಿಗೆ ಕೊಡುತ್ತಿದ್ದ ಸಂಶೋಧನಾ ಹಣ ನಿಂತುಹೋಯಿತು.

ಅಮೆರಿಕದಲ್ಲಿ ಸೀಸರಹಿತ ಪೆಟ್ರೋಲ್ ಬಂಕಿಗೆ ಬರಲು ತಕ್ಷಣದ ಕಾರಣ ಮಕ್ಕಳಲ್ಲ, ಯಂತ್ರ. 1975ರ ಮಾದರಿಯ ಕಾರುಗಳಿಂದ ಹೊಗೆಯ ವಿಷ ತಗ್ಗಿಸಲು ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅದರೊಳಗಿನ ಪ್ಲಾಟಿನಮ್ಮಿಗೆ ಸೀಸ ತಾಗಿದರೆ ಅದು ನಿಷ್ಪ್ರಯೋಜಕ. ಮಕ್ಕಳ ಪಾಲಿನ ಪುರಾವೆ ನಂತರ ಗಟ್ಟಿಯಾಯಿತು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್, ಬಾಸ್ಟನ್ ಸುತ್ತಲಿನ ಶಾಲಾ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಪರೀಕ್ಷಿಸಿದ. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳ ಬುದ್ಧಿಮತ್ತೆ ಕಡಿಮೆಯಿತ್ತು, ತರಗತಿಯಲ್ಲಿ ಗಮನ ನಿಲ್ಲುತ್ತಿರಲಿಲ್ಲ. ಯಾವ ಕಾಯಿಲೆಯ ಲಕ್ಷಣವೂ ಇಲ್ಲದ ಮಕ್ಕಳವು.

ಭಾರತವೂ ಅದೇ ಕ್ರಮದಲ್ಲಿ ಹೆಜ್ಜೆ ಇಟ್ಟಿತು. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಕನ್ವರ್ಟರ್ ಇದ್ದ ಹೊಸ ಕಾರುಗಳಿಗೆ ಸೀಸರಹಿತ ಪೆಟ್ರೋಲ್ ಸಿಕ್ಕಿತು. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷಿಸಿದಾಗ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ ಸೀಸ ಆಗಿನ ಮಿತಿಯಾದ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ದಾಟಿತ್ತು. ಈ ಕೆಲಸದಲ್ಲಿ ಮುಂದಿದ್ದವರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರುವರಿ 1ರಿಂದ ದೇಶದ ಎಲ್ಲ ಬಂಕುಗಳಲ್ಲೂ ಸೀಸರಹಿತ ಪೆಟ್ರೋಲೇ.

ಸೈಲೆನ್ಸರಿನಿಂದ ಹೊರಬಂದ ಸೀಸ ಮಾತ್ರ ಎಲ್ಲಿಗೂ ಹೋಗಿಲ್ಲ. ಅದು ಕೊಳೆಯುವ ವಸ್ತುವಲ್ಲ. ರಸ್ತೆಬದಿಯ ಮಣ್ಣಿನಲ್ಲಿ, ಆಗ ಮಕ್ಕಳಾಗಿದ್ದವರ ಮೂಳೆಗಳಲ್ಲಿ ಕೂತಿದೆ. ಹೊಸ ದಾರಿಗಳೂ ತೆರೆದಿವೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿ, ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೊಗ್ರಾಂಗಿಂತ ಹೆಚ್ಚು ಸೀಸವಿರುವ ಭಾರತೀಯ ಮಕ್ಕಳು 27 ಕೋಟಿಗೂ ಹೆಚ್ಚು ಎಂದು ಅಂದಾಜಿಸಿತು. ಮನೆಗೆ ಬಳಿಯುವ ಬಣ್ಣಕ್ಕೆ 2017ರಿಂದ ಮಿತಿ ಇದೆ. ಬ್ಯಾಟರಿಯದ್ದೇ ದೊಡ್ಡ ಚಿಂತೆ: ಸ್ಕೂಟರ್, ಕಾರು, ಇನ್ವರ್ಟರ್, ಆಟೊ ಎಲ್ಲದರಲ್ಲೂ ಸೀಸದ ಫಲಕಗಳು. ಹಳೆಯದನ್ನು ತಯಾರಕರೇ ವಾಪಸು ಪಡೆದು ಸರಿಯಾಗಿ ವಿಲೇವಾರಿ ಮಾಡಬೇಕೆಂದು 2022ರ ನಿಯಮ ಹೇಳುತ್ತದೆ. ಗುಜರಿಯವರು ಸ್ಥಳದಲ್ಲೇ ನಗದು ಎಣಿಸುತ್ತಾರೆ. ಅಲ್ಲಿಂದ ಅದು ಯಾವುದೋ ಶೆಡ್ಡಿಗೆ ಹೋಗಿ, ಆಮ್ಲ ಚರಂಡಿಗೆ ಹರಿದು, ಫಲಕಗಳು ಇದ್ದಿಲ ಬೆಂಕಿಯಲ್ಲಿ ಕರಗುತ್ತವೆ. ಅಂಥ ಶೆಡ್ಡುಗಳಿಗೆ ಚಿಮಣಿಯೂ ಇರುವುದಿಲ್ಲ, ಫಲಕ ಒಡೆಯುವವರ ಕೈಗೆ ಗವಸೂ ಇರುವುದಿಲ್ಲ.