ಶಾಲೆಯಲ್ಲಿ ಮಾತಾಡಿದರೆ ಮಕ್ಕಳು ಅದನ್ನೇ ಕಲಿತುಬಿಡ್ತಾರಾ?

ಓದುಗರ ಪ್ರಶ್ನೆ: ನಮ್ಮದು ಕಾರ್ಕಳ ಕಡೆಯ ಹೈಸ್ಕೂಲು. ಒಂಬತ್ತನೇ ತರಗತಿಯ ಹುಡುಗನೊಬ್ಬನ ನಡೆ-ನುಡಿ ಸ್ವಲ್ಪ ಹೆಣ್ಣುಮಕ್ಕಳ ಥರ. ಉಳಿದ ಹುಡುಗರು ಅವನನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಕ್ಲಾಸಿನಲ್ಲಿ ವಿಷಯ ಎತ್ತಿ ಮಾತಾಡಬೇಕೆಂದು ನನಗಿದೆ. ಹೆಡ್‌ಮಾಸ್ಟ್ರು ಮಾತ್ರ, “ಟೀಚರೇ, ಅದನ್ನೆಲ್ಲ ಹೇಳಿದರೆ ಇದ್ದ ಮಕ್ಕಳೂ ಅದನ್ನೇ ಕಲೀತಾರೆ, ಸುಮ್ಮನಿರಿ” ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮಾತಾಡಿ. ಗೇ ಆಗುವುದನ್ನಾಗಲೀ ಟ್ರಾನ್ಸ್‌ಜೆಂಡರ್ ಆಗುವುದನ್ನಾಗಲೀ ಮಾತು ಕೇಳಿ ಯಾರೂ ಕಲಿಯುವುದಿಲ್ಲ.

ಇದೇ ಪ್ರಶ್ನೆ ಕುಂದಾಪುರದಿಂದಲೂ ಬರುತ್ತದೆ, ಪುತ್ತೂರಿನಿಂದಲೂ ಬರುತ್ತದೆ. ಕಾನೂನು ಏನು ಹೇಳುತ್ತದೆಂದು ವಿವರಿಸಿದರೆ ಶಿಕ್ಷಕರು ಒಪ್ಪುತ್ತಾರೆ. ಮಗುವಿಗೆ ನೋವಾಗುತ್ತದೆ ಎಂದರೆ ಅದನ್ನೂ ಒಪ್ಪುತ್ತಾರೆ. ಕೊನೆಗೆ ಬಾಗಿಲ ಹತ್ತಿರ ನಿಂತು, “ಆದ್ರೂ ಉಳಿದ ಮಕ್ಕಳು...” ಎಂದು ಮತ್ತೆ ಶುರು ಮಾಡುತ್ತಾರೆ. ಇಷ್ಟು ವರ್ಷವಾದರೂ ಈ ಒಂದು ನಂಬಿಕೆ ಅಲ್ಲಾಡುತ್ತಿಲ್ಲ. ಹಾಗಾಗಿ ಈ ಸಲ ಅದನ್ನೇ ಪೂರ್ತಿ ಬಿಡಿಸಿ ಹೇಳುತ್ತೇನೆ.

ಕರಾವಳಿಯವರಾದ ನಾವಂತೂ ಇದನ್ನು ನಂಬಲೇಬಾರದು ಮಾರಾಯ್ರೆ. ಯಕ್ಷಗಾನದಲ್ಲಿ ಗಂಡಸು ಸೀರೆಯುಟ್ಟು ದಮಯಂತಿಯಾಗಿ, ದ್ರೌಪದಿಯಾಗಿ, ಅಂಬೆಯಾಗಿ ರಂಗಕ್ಕೆ ಬರುವುದನ್ನು ಅಮ್ಮನ ಮಡಿಲಲ್ಲಿ ಕೂತು ಬೆಳಗಿನ ತನಕ ನೋಡಿ ಬೆಳೆದವರು ನಾವು. ಕೋಳ್ಯೂರು ರಾಮಚಂದ್ರ ರಾಯರ, ಮಂಟಪ ಪ್ರಭಾಕರ ಉಪಾಧ್ಯರ ಸ್ತ್ರೀವೇಷ ನೋಡಲೆಂದೇ ಆಟಕ್ಕೆ ಹೋದವರು ಎಷ್ಟು ಜನ! ವಾರ್ಷಿಕೋತ್ಸವಕ್ಕೆ ಹುಡುಗರಿಗೆ ಸ್ತ್ರೀವೇಷ ಕಟ್ಟಿಸುವವರು, ಹುಡುಗಿಯರಿಗೆ ಪುಂಡುವೇಷ, ಅಂದರೆ ತರುಣ ವೀರರ ವೇಷ, ಹಾಕಿಸುವವರೂ ನಾವೇ. ನೋಡಿದ್ದರಿಂದ, ವೇಷ ಹಾಕಿದ್ದರಿಂದ ಮಕ್ಕಳ ಒಳಗು ಬದಲಾಗುತ್ತಿದ್ದರೆ ಅದು ಮೊದಲು ಗೊತ್ತಾಗಬೇಕಾದದ್ದು ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ. ವೇಷ ಕಟ್ಟುವ ಚೌಕಿಗೆ ಹೋಗಿ ಬಣ್ಣ ತೆಗೆದ ಮೇಲೆ ಕಲಾವಿದ ತಾನು ಯಾರಾಗಿದ್ದನೋ ಅವನೇ ಆಗಿ ಮನೆಗೆ ಹೋಗುತ್ತಾನೆ. ನಿಮ್ಮ ಆ ಹುಡುಗನಿಗೆ “ಗಂಡಸಿನ ಹಾಗೆ ನಡಿ, ಕೈ ಆಡಿಸಬೇಡ” ಎಂದು ಗದರಿಸಿದಾಗ ಅವನ ಮೈಮೇಲೆ ಬೀಳುವುದೂ ಒಂದು ವೇಷವೇ. ಹೆದರಿಕೆಗೆ ನಾಲ್ಕು ದಿನ ಹಾಕಿಕೊಂಡಾನು, ಒಳಗೆ ಅವನು ಅವನೇ.

ಇನ್ನು ಸುಮ್ಮನಿದ್ದು ನೋಡಿದ್ದೂ ಆಗಿದೆ. ನಾವು ಓದುವಾಗ ಶಾಲೆಯಲ್ಲಿ ಯಾರೂ ಈ ಮಾತು ಎತ್ತುತ್ತಿರಲಿಲ್ಲ. ಮೊಬೈಲೂ ಇರಲಿಲ್ಲ. ಆಗಲೂ ಪ್ರತಿ ಊರಲ್ಲಿ ಇಂಥ ಒಬ್ಬ ಹುಡುಗ ಇದ್ದೇ ಇರುತ್ತಿದ್ದ. ಏಳನೆಯದೋ ಎಂಟನೆಯದೋ ಓದುವಷ್ಟರಲ್ಲಿ ಶಾಲೆ ಬಿಟ್ಟು ಮುಂಬಯಿ ಬಸ್ಸು ಹತ್ತುತ್ತಿದ್ದ. “ಹೋಟ್ಲಲ್ಲಿ ಕೆಲಸಕ್ಕೆ ಹೋದ” ಎಂದು ಮನೆಯವರು ಹೇಳುತ್ತಿದ್ದರು. ಮಾತಾಡದೆ ಇದ್ದುದರಿಂದ ಅಂಥ ಮಕ್ಕಳು ಹುಟ್ಟುವುದು ನಿಲ್ಲಲಿಲ್ಲ, ಅವರ ಓದು ಮಾತ್ರ ನಿಂತುಹೋಯಿತು.

ವೈದ್ಯಶಾಸ್ತ್ರದ್ದೂ ಹೇಳಿಬಿಡುತ್ತೇನೆ. ಸಲಿಂಗ ಆಕರ್ಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. 2022ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಟ್ರಾನ್ಸ್‌ಜೆಂಡರ್ ಆಗಿರುವುದೂ ಮಾನಸಿಕ ಕಾಯಿಲೆಗಳ ಸಾಲಿನಲ್ಲಿಲ್ಲ. ರೋಗವೇ ಅಲ್ಲದ್ದು ಅಂಟುವುದೆಲ್ಲಿಂದ? “ಸರಿ ಮಾಡಿಸ್ತೇವೆ” ಎಂದು ಮಗುವನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುವ ಪೋಷಕರಿಗೂ ಇದನ್ನು ಹೇಳಿ: ಹಾಗೆ ‘ಸರಿ ಮಾಡುವ’ ಚಿಕಿತ್ಸೆ ವೃತ್ತಿಪರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮದ್ರಾಸ್ ಹೈಕೋರ್ಟಿನ ಆದೇಶ ಅದಕ್ಕೆ ಕಾರಣ.

“ಇದೆಲ್ಲ ಫಾರಿನ್ನಿಂದ ಬಂದದ್ದು” ಎನ್ನುವವರಿಗೆ ಒಂದೇ ಮಾತು. ಹೊರಗಿನಿಂದ ಬಂದದ್ದು ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಂ. ಬ್ರಿಟಿಷರ 1860ರ ದಂಡ ಸಂಹಿತೆಯಲ್ಲಿದ್ದ ಅದನ್ನು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿತು. ನಮ್ಮದೇ ರಾಜ್ಯದ, ಯಲ್ಲಮ್ಮನ ಸೇವೆಯ ಜೋಗತಿ ಪರಂಪರೆಯ ಟ್ರಾನ್ಸ್‌ಜೆಂಡರ್ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರ ಪದ್ಮಶ್ರೀ ಪುರಸ್ಕೃತರು.

ಈಗ ನಿಮ್ಮ ಕ್ಲಾಸಿಗೆ ಬರೋಣ. ಹಾಜರಿ ಕೂಗುವಾಗ “ರೋಲ್ ನಂಬರ್ ಒಂಬತ್ತು” ಅಂದ ಕೂಡಲೇ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರುತ್ತದಲ್ಲ? ಆ ನಂಬರು ಬೇರೆ ಯಾರದ್ದೋ ಆಗಿರುತ್ತದೆ, ಆದರೂ ಎಲ್ಲರ ಕಣ್ಣು ತಿರುಗುವುದು ಆ ಹುಡುಗನ ಕಡೆಗೆ. ಅವನು ತಲೆ ತಗ್ಗಿಸಿ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತಾನೆ. ಅಲ್ಲೇ ಹಾಜರಿ ಪುಸ್ತಕ ಮುಚ್ಚಿಟ್ಟು ಮಾತಾಡಿ. “ಈ ಕ್ಲಾಸಲ್ಲಿ ಯಾರ ನಡಿಗೆಗೂ, ದನಿಗೂ ನಗುವ ಹಾಗಿಲ್ಲ” ಎಂದು ಎಲ್ಲರೆದುರು ಹೇಳಿ. ನಕ್ಕವರನ್ನು ಕರೆದು ಮಾತಾಡಿಸಿ. ಕೌನ್ಸೆಲಿಂಗ್ ಬೇಕಾದದ್ದು ಅವರಿಗೆ. ನಮ್ಮಲ್ಲಿ ಛೇಡಿಸಿಕೊಂಡವನನ್ನೇ ಎಬ್ಬಿಸಿ ಕೌನ್ಸೆಲರ್ ಕೋಣೆಗೆ ಕಳಿಸುತ್ತಾರೆ.

ಅವನು ಗೇ ಹೌದೋ, ಟ್ರಾನ್ಸ್‌ಜೆಂಡರ್ ಹೌದೋ, ಎರಡೂ ಅಲ್ಲವೋ, ಪತ್ತೆ ಹಚ್ಚಲು ಹೋಗಬೇಡಿ. ಹದಿನಾಲ್ಕು ವರ್ಷದ ಹುಡುಗ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ತಾನಾಗಿ ಹೇಳಿಕೊಂಡರೆ ಕೇಳಿಸಿಕೊಳ್ಳಿ. ಅವನ ಒಪ್ಪಿಗೆಯಿಲ್ಲದೆ ಪೇರೆಂಟ್ಸ್ ಮೀಟಿಂಗಿನಲ್ಲಾಗಲೀ ಸ್ಟಾಫ್ ರೂಮಿನಲ್ಲಾಗಲೀ ಬಾಯಿಬಿಡಬೇಡಿ. ಮನೆಯಲ್ಲಿ ಬೆಲ್ಟಿನ ಏಟು ಬಿದ್ದರೆ ತಡೆಯಲು ನೀವಲ್ಲಿ ಇರುವುದಿಲ್ಲ.

ಒಂದನ್ನು ಮಾತ್ರ ಮುಚ್ಚಿಡುವಂತಿಲ್ಲ. ಶೌಚಾಲಯದಲ್ಲಿ ಹುಡುಗರು ಸೇರಿ ಅವನ ಚಡ್ಡಿ ಎಳೆದರೆ, ಮುಟ್ಟಬಾರದಲ್ಲಿ ಮುಟ್ಟಿದರೆ ಅದು ಕೀಟಲೆಯಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವರದಿ ಮಾಡಲೇಬೇಕು. ಮಾಡದಿದ್ದರೆ ಶಾಲೆಯವರಿಗೇ ಶಿಕ್ಷೆಯಿದೆ. ಅಂಗವಿಕಲ ಮಕ್ಕಳಿಗೆಂದು ಕಟ್ಟಿದ, ಒಳಗಿನಿಂದ ಚಿಲಕವಿರುವ ಶೌಚಾಲಯ ಎಷ್ಟೋ ಶಾಲೆಗಳಲ್ಲಿದೆ. ಅದಕ್ಕೆ ಬೀಗ ಹಾಕಿ ಒಳಗೆ ಪೊರಕೆ, ಬಕೆಟ್ ತುಂಬಿರುತ್ತಾರೆ. ಖಾಲಿ ಮಾಡಿಸಿ, ಬೀಗ ತೆಗೆಸಿ. ಮಧ್ಯಾಹ್ನ ನೀರು ಕುಡಿಯದೆ ಸಂಜೆ ತನಕ ತಡೆದು ಕೂರುವ ಮಗುವಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸರಕಾರಿ ಸುತ್ತೋಲೆ ಬರಲಿ ಎಂದು ಕಾಯಬೇಡಿ. 2021ರಲ್ಲಿ ಎನ್‌ಸಿಇಆರ್‌ಟಿ ಶಿಕ್ಷಕರಿಗೆಂದೇ ಟ್ರಾನ್ಸ್‌ಜೆಂಡರ್ ಮಕ್ಕಳ ಬಗ್ಗೆ ಕೈಪಿಡಿ ತಂದಿತ್ತು. ಆಕ್ಷೇಪ ಬಂದದ್ದೇ ಜಾಲತಾಣದಿಂದ ಅದನ್ನು ತೆಗೆದುಬಿಟ್ಟಿತು. ಆದರೆ ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ತಾರತಮ್ಯ ಮಾಡಬಾರದು ಎಂದು ಶಿಕ್ಷಣ ಸಂಸ್ಥೆಗಳಿಗೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯೇ ಹೇಳಿದೆ. ಹೆಡ್‌ಮಾಸ್ಟ್ರಿಗೆ ಅದನ್ನೇ ತೋರಿಸಿ.

ಇಷ್ಟು ಬರೆಯುವಾಗ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಬರುವ ಪ್ರಶ್ನೆಗಳೆಲ್ಲ ಹುಡುಗರ ಬಗ್ಗೆಯೇ. ಹುಡುಗಿಯರ ಬಗ್ಗೆ ಯಾಕೆ ಯಾರೂ ಕೇಳುವುದಿಲ್ಲ? ಕೂದಲು ಗಿಡ್ಡ ಮಾಡಿಕೊಂಡು ಕಬಡ್ಡಿ, ತ್ರೋಬಾಲ್ ಆಡುವ ಹುಡುಗಿಯನ್ನು ಎಂಟನೇ ತರಗತಿಯ ತನಕ ಶಾಲೆಗೆ ಶಾಲೆಯೇ ಹೊಗಳುತ್ತದೆ. ಆಮೇಲೆ “ಗಂಡುಬೀರಿ” ಅಂತಾರೆ. ಗೆಳತಿಯ ಮೇಲೆ ಪ್ರೀತಿಯಿದೆ ಎಂಬ ಸುಳಿವು ಮನೆಗೆ ಸಿಕ್ಕಿತೋ, ಮೊದಲು ಫೋನು ಕಸಿದುಕೊಳ್ಳುತ್ತಾರೆ, ಪಿಯುಸಿ ಮುಗಿಯುತ್ತಿದ್ದಂತೆ ಸಂಬಂಧ ಹುಡುಕುತ್ತಾರೆ. ಅವಳು ಜಗಳವಾಡುವುದಿಲ್ಲ, ಒಳ್ಳೆಯ ಮಾರ್ಕು ತೆಗೆಯುತ್ತಾಳೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, 2025ರಲ್ಲಿ ದಕ್ಷಿಣ ಕನ್ನಡ ಮೊದಲು ಎಂದು ನಾವು ಸಂಭ್ರಮಪಟ್ಟ ಫಲಿತಾಂಶದಲ್ಲಿ ಅವಳ ಅಂಕಗಳೂ ಇವೆ.

ರಾತ್ರಿ ಹೊತ್ತು ಯಾರ ಹತ್ತಿರವಾದರೂ ಮಾತಾಡಬೇಕೆನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮನೆಯಲ್ಲಿ ಹಿಂಸೆಯಾದರೆ ಮಕ್ಕಳ ಸಹಾಯವಾಣಿ 1098. ಎರಡೂ ನಂಬರು ಎಲ್ಲ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ಆ ಹುಡುಗಿಯ ಓದು ಬಿಡಿಸುವ ಮಾತು ಬಂದಾಗ ಮನೆಗೆ ಹೋಗಬೇಕಾದವರು ನೀವೇ. “ಇಷ್ಟು ಮಾರ್ಕು ತೆಗೆಯುವ ಹುಡುಗಿ, ಡಿಗ್ರಿ ಮುಗಿಸಲಿ ಅಣ್ಣಾ” ಎಂದಷ್ಟೇ ಅಪ್ಪನಿಗೆ ಹೇಳಿ, ಬೇರೇನೂ ಹೇಳಬೇಕಾಗಿಲ್ಲ. ಹಾಸ್ಟೆಲ್ ಇರುವ ಕಾಲೇಜಿನ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ ಎರಡನ್ನೂ ಜೊತೆಯಲ್ಲಿ ಕೂತು ತುಂಬಿಸಿ.